ಕೆಂಪು ನಿಶಾನಿಯ ಕುಂಚಿಗೆ

ಆಯಿಗೆ ಊರಿನ ಯಾರ ಹೆಸರೂ ಬೇಕಿರಲಿಲ್ಲ. ಯಾರು ಹೇಗೆ ಹುಟ್ಟಿದರು ಎಂಬುದೇ ಅವಳಿಗೆ ಗುರುತು. ಅಳದೆ ಹುಟ್ಟಿದವನು, ಕೊರಳಿಗೆ ಕರುಳಬಳ್ಳಿ ಸುತ್ತಿಕೊಂಡು ಬಂದವಳು, ಸಜ್ಜೆ ಕೊಯ್ಯುವಾಗ ಹೊಲದಲ್ಲೇ ಬಿದ್ದವನು, ಹೀಗೆ. ಗೌಡರು ಒಮ್ಮೆ ಕಟ್ಟೆಯ ಮೇಲೆ ಕುಳಿತು ಮೀಸೆ ತಿರುವುತ್ತ ಯಾರದೋ ಜಗಳ ಬಗೆಹರಿಸುತ್ತಿದ್ದರು. ಆಯಿ ಎದುರಿಗೆ ಬಂದು ನಿಂತು, "ಕಾಲು ಮುಂದ ಮಾಡಿ ಬಂದಾವ ನೀ. ಇನ್ನೂ ತಲಿ ಮುಂದ ಮಾಡೂದು ಕಲಿವಲ್ಲಿ" ಎಂದಳು. ಗೌಡರು ಮೀಸೆಯಿಂದ ಕೈ ತೆಗೆದರು. ತಮ್ಮನ್ನು ಭೂಮಿಗೆ ಇಳಿಸಿದವಳ ಮುಂದೆ ಯಾವ ಗೌಡಿಕೆ ನಡೆಯುತ್ತದೆ?

ಹೋದ ತಿಂಗಳು ಅವಳು ತೀರಿಕೊಂಡಳೆಂದು ಆ ಊರಿನಿಂದ ಕಾಗದ ಬಂತು. ಬರೆದವನು ಸಾಲಿ ಕಲಿತ ಹುಡುಗ. ಹುಟ್ಟುವಾಗ ಅವನನ್ನೂ ಅವಳೇ ಹಿಡಿದಿದ್ದಳಂತೆ. ವಯಸ್ಸು ಅಂದಾಜು ಎಂಬತ್ತೈದು ಎಂದು ಬರೆದಿದ್ದಾನೆ. ಬದುಕಿದ್ದಾಗ ಅವಳ ವಯಸ್ಸನ್ನು ಅಂದಾಜು ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಅವಳ ಹೆಸರನ್ನೂ ಬರೆದಿದ್ದಾನೆ. ನಾನು ಅದನ್ನು ಮೊದಲ ಸಲ ಓದಿದ್ದು. ಆ ಹೆಸರಿನಿಂದ ಅವಳು ನನಗೆ ಗುರುತೇ ಸಿಗುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ಊರಿಗೆಲ್ಲ ಅವಳು ಆಯಿ, ಸೂಲಗಿತ್ತಿ ಆಯಿ.

ಊರು ಹುಲಿಹೈದರದಿಂದ ನವಲಿಯ ಕಡೆಗೆ ಹೋಗುವ ದಾರಿಯ ಬದಿಗೆ ಇತ್ತು. ಆಗ ಕಾಲುವೆ ಇರಲಿಲ್ಲ, ಭತ್ತದ ಮಾತೇ ಇರಲಿಲ್ಲ. ಸಜ್ಜೆ, ಜೋಳ, ಕಲ್ಲು, ಬಿಸಿಲು. ಊರೊಳಗಿನ ಬಾವಿಗಳೆಲ್ಲ ಸವುಳು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಬಕಾರ ನೊರೆ ಬಿಡುತ್ತಿರಲಿಲ್ಲ. ಊರ ಹೊರಗಿನ ದೊಡ್ಡ ಬಯಲಿನ ಆಚೆ ತುದಿಯಲ್ಲಿ ಒಂದು ಮೆಟ್ಟಿಲು ಬಾವಿ. ಸಿಹಿನೀರು ಎಂದರೆ ಅದೊಂದೇ. ಆ ಬಯಲು ನನಗೆ ತಿಳಿದಂತೆ ಐದಾರು ವೇಷ ಹಾಕಿತು. ಮೊದಲು ದನಕರುಗಳ ಬಯಲು, ಕುರಿಗಾರರು ಹಟ್ಟಿ ಹಾಕುವ ಜಾಗ. ಮಳೆ ಕೈಕೊಟ್ಟ ವರ್ಷಗಳಲ್ಲಿ ಸರ್ಕಾರ ಅಲ್ಲಿ ಕಲ್ಲು ಒಡೆಸುವ ಕೆಲಸ ತೆಗೆಯಿತು, ತಗಡಿನ ಉದ್ದನೆಯ ಸಾಲುಗಳನ್ನು ಕಟ್ಟಿತು. ಆಮೇಲೆ ಯುದ್ಧ ಬಂತು. ಹೈದರಾಬಾದ್ ಸಂಸ್ಥಾನದ ಪಲ್ಟನ್ನಿಗೆ ಹೊಸ ಸಿಪಾಯಿಗಳನ್ನು ತಯಾರು ಮಾಡಬೇಕಾಯಿತು. ಕಲ್ಲು ಒಡೆದವರ ತಗಡಿನ ಸಾಲಿಗೆ ಸುಣ್ಣ ಹೊಡೆದು ಅದನ್ನೇ ದಂಡಿನ ತರಬೇತಿ ಠಾಣೆ ಮಾಡಿದರು.

ಆ ಠಾಣೆಗೆ ನಾನು ಕಾರಕೂನನಾಗಿ ಹೋದೆ. ನನ್ನ ಊರು ಕುಷ್ಟಗಿ, ಉರ್ದು ಸಾಲಿಯಲ್ಲಿ ಕಲಿತವನು, ಕನ್ನಡವನ್ನು ಮನೆಯಲ್ಲಿ ಕಲಿತವನು. ಎರಡೂ ಅಕ್ಷರ ದುಂಡಗೆ ಬರುತ್ತಿದ್ದವು ಎಂಬುದೊಂದೇ ನನ್ನ ಹೆಚ್ಚಳ. ಠಾಣೆಯ ಕಪ್ತಾನರು ಹೈದರಾಬಾದ್ ಶಹರದವರು, ತೆಳ್ಳಗಿನ ಮನುಷ್ಯ, ಬಿಸಿಲಿನಲ್ಲೂ ಅತ್ತರು ಹಚ್ಚಿಕೊಳ್ಳುವವರು. ಕೆಟ್ಟವರಲ್ಲ. ಆದರೆ ಕಾಯ್ದೆ ಕಾಗದದ ಮೇಲಿದ್ದರೆ ಸಾಕು, ಅದರ ಕೆಳಗೆ ಯಾರು ಸಿಕ್ಕಿದ್ದಾರೆ ಎಂದು ನೋಡುವ ಅಭ್ಯಾಸ ಅವರಿಗಿರಲಿಲ್ಲ. ಬಂದ ಹತ್ತನೆಯ ದಿನಕ್ಕೆ ಬಾವಿಯ ಸುತ್ತ ತಂತಿ ಬಿಗಿಸಿದರು. ಊರಿನವರು ಬಯಲಿಗೆ ಕಾಲಿಡಬಾರದು, ಬಾವಿಯ ನೀರು ಸಿಪಾಯಿಗಳಿಗೆ ಮಾತ್ರ ಎಂಬ ಹುಕುಂ ಹೊರಟಿತು. ಎರಡೂ ಭಾಷೆಯಲ್ಲಿ ಅದನ್ನು ಬರೆದು ಚಾವಡಿಯ ಗೋಡೆಗೆ ಅಂಟಿಸಿದವನು ನಾನು.

ಅಂಟಿಸಿ ತಿರುಗಿದರೆ ಹಿಂದೆ ಆಯಿ ನಿಂತಿದ್ದಳು. ಕುಳ್ಳಗಿನ ಗಟ್ಟಿ ಹೆಂಗಸು, ಅಂಗೈ ಮೊರದಷ್ಟು ಅಗಲ. ಸೊಂಟದಲ್ಲಿ ಒಂದು ಚೀಲ. ಅದರಲ್ಲಿ ಎಲೆಅಡಿಕೆಯೂ ಇರುತ್ತಿತ್ತು, ಹೊಕ್ಕುಳು ಕಟ್ಟುವ ದಾರವೂ ಇರುತ್ತಿತ್ತು. ಓದಿ ಹೇಳು ಎಂದಳು. ಓದಿದೆ.

"ಇದನ್ನ ಬರದಾವ್ರು ಯಾರಪಾ?"

"ನಾನ ಬರದೀನಿ, ಆಯಿ."

"ಅಕ್ಷರ ಛಲೋ ಅದಾವು," ಎಂದಳು. "ಇಂಥಾ ಕೈಲೆ ಎಂಥಾದ್ದು ಬರದಿಯಪಾ."

ಅಷ್ಟು ಹೇಳಿ ಹೋದಳು. ಮೇಲಧಿಕಾರಿಗಳಿಂದ ಎಷ್ಟೋ ಬೈಗುಳ ತಿಂದಿದ್ದೇನೆ, ಯಾವುದೂ ಇಷ್ಟು ವರ್ಷ ನೆನಪಿನಲ್ಲಿ ಉಳಿದಿಲ್ಲ.

ನಮ್ಮ ಕಡೆ ಬಾಣಂತಿ ಗಂಗಿಪೂಜೆ ಮಾಡದೆ ಮನೆಯ ನೀರು ಮುಟ್ಟುವಂತಿಲ್ಲ. ಗೊತ್ತಾದ ದಿನ ಸೂಲಗಿತ್ತಿ ಅವಳನ್ನು ಬಾವಿಗೆ ಕರೆದುಕೊಂಡು ಹೋಗುತ್ತಾಳೆ. ಐದು ಹರಳಿಗೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿಸುತ್ತಾಳೆ. ಜೊತೆಗೆ ಐವರು ಮುತ್ತೈದೆಯರು ಕೊಡ ಹೊತ್ತು ಹೋಗಿ ತುಂಬಿಕೊಂಡು ಬರುತ್ತಾರೆ. ಊರಿನ ಮುಸಲ್ಮಾನರ ಮನೆಗಳಲ್ಲೂ ನಲವತ್ತನೆಯ ದಿನದ ಸ್ನಾನಕ್ಕೆ ಆ ಬಾವಿಯ ನೀರೇ ಆಗಬೇಕು, ತರುವವಳೂ ಆಯಿಯೇ. ಹುಕುಂ ಬಂದ ವಾರದಲ್ಲೇ ಅವಳು ಒಬ್ಬ ಬಾಣಂತಿಯನ್ನು ಮುಂದೆ ಮಾಡಿಕೊಂಡು ತಂತಿಯ ಹತ್ತಿರ ಬಂದಳು. ಕಾವಲಿನವನು ಬಂದೂಕು ಅಡ್ಡ ಹಿಡಿದ. ಕಪ್ತಾನರಿಗೆ ಸುದ್ದಿ ಹೋಯಿತು. ಧರ್ಮದ ವಿಷಯ, ತಡೆಯುವುದು ಬೇಡ, ಆದರೆ ಪ್ರತಿ ಪೂಜೆಗೂ ತಮ್ಮ ಸಹಿಯ ಚೀಟಿ ಬೇಕು ಎಂದರು. ಚೀಟಿ ಬರೆಯುವವನು ಮತ್ತೆ ನಾನೇ.

ಮರುದಿನ ಬೆಳಿಗ್ಗೆ ಆಯಿ ನನ್ನ ಮೇಜಿನ ಮುಂದೆ ಬಂದು ಕುಳಿತಳು. ಇನ್ನೊಂದು ಚೀಟಿ ಬೇಕು. ಯಾರು ಹಡೆದರು ಎಂದು ಕೇಳಿದೆ. ಚೀಟಿಗೆ ಬೇಕೆಂದು ತಾಯಿ ಮಗ ಇಬ್ಬರ ಹೆಸರನ್ನೂ ಹೇಳಿದಳು. ಆ ಮಗ ಆಗಲೇ ಎತ್ತು ಹೂಡುತ್ತಿದ್ದ. ನಾನು ಮುಖ ನೋಡಿದೆ.

"ಬರಗಾಲದಾಗ ಹಡದಾಳ ಆಕಿ," ಎಂದಳು ಆಯಿ. "ಆವಾಗ ಬಾವ್ಯಾಗ ನೀರ ಇರಲಿಲ್ಲ. ಪೂಜಿ ಉಳದೈತಿ."

ಆ ಉಳಿದ ಪೂಜೆಗಳು ಮುಗಿಯಲೇ ಇಲ್ಲ. ಒಬ್ಬಳದು ಬರಗಾಲದಲ್ಲಿ ಉಳಿದಿತ್ತು, ಒಬ್ಬಳದು ಕಾಲರಾದಲ್ಲಿ, ಒಬ್ಬಳದು ಅತ್ತೆಯ ಸೂತಕದಲ್ಲಿ. ಊರಿನಲ್ಲಿ ಯಾರು ಯಾವಾಗ ಹಡೆದರು ಎಂಬ ಲೆಕ್ಕ ಅವಳ ತಲೆಯಲ್ಲಲ್ಲದೆ ಬೇರೆಲ್ಲೂ ಇರಲಿಲ್ಲ, ಸುಳ್ಳು ಎನ್ನುವವರಾದರೂ ಯಾರು? ದಿನಕ್ಕೊಬ್ಬ ತಾಯಿ, ಅವಳ ಹಿಂದೆ ಐದು ಜನ, ತಲೆಯ ಮೇಲೊಂದು ಕಂಕುಳಲ್ಲೊಂದು ಕೊಡ. ಊರಿಗೆ ಕುಡಿಯುವ ನೀರು ಬಂತು. ನಾನು ನಗು ತಡೆದುಕೊಂಡು ಚೀಟಿ ಬರೆಯುತ್ತಿದ್ದೆ. ಇದನ್ನು ದೊಡ್ಡ ಧೈರ್ಯ ಎಂದು ಈಗ ಹೇಳಿಕೊಳ್ಳಲಾರೆ. ಸಿಕ್ಕಿಬಿದ್ದರೆ ಮುದುಕಿ ಹೇಳಿದ್ದು, ನಾನು ಬರೆದದ್ದು ಎಂದು ಜಾರಿಕೊಳ್ಳುವ ದಾರಿ ಇತ್ತು.

ಸಿಕ್ಕಿಬಿದ್ದದ್ದು ಠಾಣೆಯ ಹಜಾಮನಿಂದ. ಕಪ್ತಾನರು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುಳಿತಿರುವಾಗಲೇ ಚೀಟಿಗಳಿಗೆ ಸಹಿ ಹಾಕುವ ಪದ್ಧತಿ. ಅವತ್ತು ಅದೇಕೋ ಚೀಟಿಯಲ್ಲಿದ್ದ ಮಗುವಿನ ಹೆಸರನ್ನು ಗಟ್ಟಿಯಾಗಿ ಓದಿದರು. ಕತ್ತಿ ಮಸೆಯುತ್ತಿದ್ದ ಹಜಾಮ ಅಭಿಮಾನದಿಂದ, ಅದು ನಾನೇ, ಪೂಜೆಗೆ ಹೋಗುವವಳು ನಮ್ಮವ್ವ ಎಂದುಬಿಟ್ಟ. ನಲವತ್ತು ದಾಟಿದ ಶಿಶು. ಅದರ ಕೈಯಲ್ಲಿ ಕತ್ತಿ ಇದ್ದದ್ದರಿಂದ ಕಪ್ತಾನರು ಕ್ಷೌರ ಮುಗಿಯುವ ತನಕ ಸುಮ್ಮನಿದ್ದರು. ಮುಗಿದ ಮೇಲೆ ಮುಖ ಒರೆಸಿಕೊಂಡು, ಇನ್ನು ಪೂಜೆಯೂ ಇಲ್ಲ ಚೀಟಿಯೂ ಇಲ್ಲ ಎಂದರು. ನನ್ನನ್ನು ಬೈಯಲಿಲ್ಲ. ಬರೆದಿಟ್ಟಿದ್ದ ಚೀಟಿಗಳನ್ನು ಕಿತ್ತುಕೊಂಡರು, ಅಷ್ಟೆ.

ಗುಂಡು ಹಾರಿಸುವುದನ್ನು ಕಲಿಸುವಾಗ ಬಯಲಿನ ದಿಬ್ಬದ ಮೇಲೆ ಕೆಂಪು ಬಟ್ಟೆಯ ನಿಶಾನಿ ಏರಿಸುತ್ತಿದ್ದರು. ನಿಶಾನಿ ಇರುವ ತನಕ ಬಯಲಿಗೆ ನರಪ್ರಾಣಿ ಬರಬಾರದು. ಕಪ್ತಾನರು ಈಗ ಬೆಳಗಿನಿಂದ ಸಂಜೆಯವರೆಗೆ ಅದು ಹಾರುತ್ತಲೇ ಇರಬೇಕೆಂದು ಹೇಳಿದರು. ಗುಂಡು ಹಾರುವುದು ಒಂದೆರಡು ತಾಸು, ನಿಶಾನಿ ಮಾತ್ರ ಇಡೀ ದಿನ. ಬಾವಿಗೆ ಅದೇ ಬೀಗವಾಯಿತು. ಊರಿನವರು ಸವುಳು ನೀರನ್ನೇ ಸೋಸಿ ಕುಡಿದರು. ದೊಡ್ಡವರು ಹೇಗೋ ತಡೆದರು. ಎರಡು ಹಸುಗೂಸುಗಳು ಭೇದಿ ಹಿಡಿದು ಬಾಡಿದವು, ಒಂದು ಉಳಿಯಲಿಲ್ಲ. ಆಯಿ ನನ್ನ ಜೊತೆ ನಾಲ್ಕು ದಿನ ಮಾತು ಬಿಟ್ಟಳು. ಹುಕುಂ ಬರೆದ ಕೈ ನನ್ನದು, ಮತ್ತೆ ಯಾರ ಜೊತೆ ಬಿಡಬೇಕು?

ಐದನೆಯ ದಿನ ಬಂದು, ನಿಶಾನಿಯ ಬಗ್ಗೆ ನಿಮ್ಮ ಕಾಯ್ದೆಯಲ್ಲಿ ಏನು ಬರೆದಿದೆ ಓದು ಎಂದಳು. ಓದಿದೆ. ನಿಶಾನಿ ಮೇಲಿದ್ದರೆ ಯಾರೂ ಒಳಗೆ ಬರತಕ್ಕದ್ದಲ್ಲ. ನಿಶಾನಿ ಇಲ್ಲದಿದ್ದರೆ ಒಂದೇ ಒಂದು ಗುಂಡನ್ನೂ ಹಾರಿಸತಕ್ಕದ್ದಲ್ಲ. ಎರಡನೆಯ ಅರ್ಧವನ್ನು ಇನ್ನೊಮ್ಮೆ ಓದಿಸಿದಳು.

ಅಲ್ಲಿಂದ ಠಾಣೆಯ ಕೆಂಪು ನಿಶಾನಿಗಳು ಕಾಣೆಯಾಗತೊಡಗಿದವು. ಬೆಳಿಗ್ಗೆ ಏರಿಸಿದ್ದು ಮಧ್ಯಾಹ್ನ ಕಾವಲಿನವನು ಉಣ್ಣಲು ಹೋಗಿ ಬರುವುದರೊಳಗೆ ಇಲ್ಲ. ನಿಶಾನಿ ಇಲ್ಲದೆ ಗುಂಡು ಹಾರಿಸುವಂತಿಲ್ಲ, ಸಿಪಾಯಿಗಳು ನೆರಳಿಗೆ ಕುಳಿತರು, ಊರಿನ ಹೆಂಗಸರು ಕೊಡ ತುಂಬಿಕೊಂಡು ಬಂದರು. ಹೊಸ ನಿಶಾನಿ ಕಳಿಸಿ ಎಂದು ನಾನು ಮೇಲಿನವರಿಗೆ ಅರ್ಜಿಯ ಮೇಲೆ ಅರ್ಜಿ ಬರೆದೆ. ಗಾಳಿಗೆ ಹಾರಿತು ಎಂದು ಒಮ್ಮೆ, ಆಡು ತಿಂದಿತು ಎಂದು ಒಮ್ಮೆ. ಅದೇ ದಿನಗಳಲ್ಲಿ ಊರಿನ ಕೂಸುಗಳ ತಲೆಯ ಮೇಲೆ ಹೊಸ ಕುಂಚಿಗೆಗಳು ಕಾಣಿಸಿಕೊಂಡವು. ಹಸುಗೂಸಿನ ತಲೆ ಮುಚ್ಚಿ ಬೆನ್ನಿನವರೆಗೆ ಇಳಿಯುವ ಕುಂಚಿಗೆಯನ್ನು ನಮ್ಮ ಕಡೆ ಚೂರುಪಾರು ಖಣದಲ್ಲಿ ಹೊಲಿಯುವುದು ರೂಢಿ. ಇವು ಒಂದೇ ಬಣ್ಣ, ಗಾಢ ಕೆಂಪು, ದಪ್ಪ ನೂಲು. ಹವಾಲ್ದಾರನೂ ನೋಡಿದ. ಅವನು ಗಂಗಾವತಿಯ ಕಡೆಯ ಮುಸಲ್ಮಾನ, ಹೆಂಡತಿ ಮಕ್ಕಳೊಂದಿಗೆ ಠಾಣೆಯಲ್ಲೇ ಇದ್ದವನು. ಅವನ ಅವಳಿ ಹೆಣ್ಣುಮಕ್ಕಳನ್ನು ಎರಡು ದಿನ ಕಷ್ಟಪಟ್ಟು ಆಯಿ ಉಳಿಸಿಕೊಟ್ಟಿದ್ದಳು. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆಡುಗಳ ಕಾಟ ಹೆಚ್ಚಾಗಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಕೊನೆಗೆ ಕಪ್ತಾನರು ದಿಬ್ಬದ ಮೇಲೆ ಇಬ್ಬರನ್ನು ಕಾವಲು ಹಾಕಿಸಿದರು, ಊಟಕ್ಕೂ ಕೆಳಗೆ ಇಳಿಯದಂತೆ.

ಆ ಹೊತ್ತಿಗೆ, ಊರೊಳಗಿನ ಮನೆಯಲ್ಲಿ ನನ್ನ ಜೊತೆಗಿದ್ದ ಹೆಂಡತಿಗೆ ದಿನ ತುಂಬಿತ್ತು. ಅವಳ ತವರು ಯಲಬುರ್ಗಾ; ಅವ್ವ ತೀರಿಹೋಗಿದ್ದರಿಂದ ಹೆರಿಗೆಗೆ ಅಲ್ಲಿಗೆ ಕಳಿಸುವಂತಿರಲಿಲ್ಲ. ಆಯಿಯನ್ನು ಯಾವ ಮುಖ ಇಟ್ಟುಕೊಂಡು ಕರೆಯಲಿ ಎಂದು ಒದ್ದಾಡುತ್ತಿದ್ದರೆ ಅವಳೇ ಬಂದಳು. ನನ್ನನ್ನು ಹೊರಗೆ ಅಟ್ಟಿ ಬಾಗಿಲು ಹಾಕಿದಳು. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಹೆಣ್ಣುಕೂಸಿನ ದನಿ ಕೇಳಿತು. ಆಯಿ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, ಮುಷ್ಟಿ ಬಿಗಿದುಕೊಂಡು ಬಂದಾಳ ಎಂದಳು. ಅವಳ ಪಟ್ಟಿಯಲ್ಲಿ ನನ್ನ ಮಗಳ ಹೆಸರು ಕೊನೆಯ ತನಕ ಅದೇ.

ಪೂಜೆಯ ದಿನದ ಹಿಂದಿನ ಸಂಜೆ ಬಂದು ಹೊಸ್ತಿಲ ಮೇಲೆ ಕುಳಿತಳು.

"ನಾಳೆ ನಿನ್ನ ಹೆಣ್ತಿ ಗಂಗಿಪೂಜಿ. ಇದು ಉಳದಿದ್ದಲ್ಲ, ಖರೇನ ಪೂಜಿ. ನಾವಂತೂ ಹೋಗಾವ್ರು. ನೀ ಬರ್ತಿಯೋ, ಮ್ಯಾಜಿನ ಹಿಂದ ಕುಂದರ್ತಿಯೋ, ನೋಡಪಾ."

ನೌಕರಿ ಹೋದರೆ ಏನು ಗತಿ ಎಂದು ಯೋಚಿಸಿದೆ. ಬಹಳ ಹೊತ್ತು ಯೋಚಿಸಿದೆ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಹೆಂಡತಿ ಒಳಗಿನಿಂದ, ಕೂಸಿಗೆ ಯಾವ ನೀರು ಕೊಡಬೇಕು ಅಂತ ಮಾಡೀರಿ ಎಂದು ಕೇಳಿದಳು. ಅಲ್ಲಿಗೆ ಯೋಚನೆ ಮುಗಿಯಿತು.

ಮರುದಿನ ಬೆಳಿಗ್ಗೆ ಗಂಡಸರು ಹೋಗದ ಆ ಮೆರವಣಿಗೆಯಲ್ಲಿ ನಾನೂ ಒಂದು ಕೊಡ ಹಿಡಿದು ಹೋದೆ. ಹೆಂಗಸರು ಮುಸಿಮುಸಿ ನಕ್ಕರು. ಬಯಲಿನ ಒಂದು ಬದಿಗೆ ಸಿಪಾಯಿಗಳು ಸಾಲಾಗಿ ಮಲಗಿ ಗುರಿ ಹಿಡಿದಿದ್ದರು, ದಿಬ್ಬದ ಮೇಲೆ ನಿಶಾನಿ ಹಾರುತ್ತಿತ್ತು. ಆಯಿ ನಮ್ಮನ್ನು ಅಂಚಿನಲ್ಲಿ ನಿಲ್ಲಿಸಿ ಒಬ್ಬಳೇ ದಿಬ್ಬ ಹತ್ತಿದಳು. ಕಾವಲಿನ ಇಬ್ಬರೂ ಇಪ್ಪತ್ತು ದಾಟದವರು. ಅಜ್ಜಿಯ ವಯಸ್ಸಿನವಳನ್ನು ಕೈ ಹಿಡಿದು ತಳ್ಳುವುದು ಅವರಿಂದ ಆಗಲಿಲ್ಲ. ಅವಳು ಹಗ್ಗ ಬಿಚ್ಚಿ ನಿಶಾನಿಯನ್ನು ಇಳಿಸಿ, ನಾಲ್ಕು ಮಡಿಕೆ ಮಾಡಿ, ಸೊಂಟದ ಚೀಲಕ್ಕೆ ತುರುಕಿಕೊಂಡಳು.

ಹವಾಲ್ದಾರ ಬಂದೂಕು ಕೆಳಗಿಡಲು ಕೂಗಿದ. ಸಾಲು ಪೂರ್ತಿ ಕೆಳಗಿಟ್ಟಿತು. ಕಪ್ತಾನರು ಓಡಿಬಂದು ಯಾರು ಹೇಳಿದ್ದು ಎಂದು ಗದರಿಸಿದರು. ಹವಾಲ್ದಾರ ಸೆಟೆದು ನಿಂತು, ನಿಶಾನಿ ಇಲ್ಲ ಹುಜೂರ್, ನಿಶಾನಿ ಇಲ್ಲದೆ ಹಾರಿಸಬಾರದೆಂದು ತಾವೇ ಕಲಿಸಿದ್ದು ಎಂದ. ಕಾಯ್ದೆ ಕಾಗದದ ಮೇಲಿತ್ತು, ಈ ಸಲ ಅದರ ಕೆಳಗೆ ಸಿಕ್ಕವರು ಅವರೇ.

ಅವರು ನೇರ ಆಯಿಯ ಮುಂದೆ ಬಂದು ನಿಂತರು. ಅವರಿಗೆ ಕನ್ನಡ ಬಾರದು, ಅವಳಿಗೆ ಅವರ ಶಹರದ ಉರ್ದು ಬಾರದು. ಇಬ್ಬರೂ ನನ್ನ ಕಡೆ ನೋಡಿದರು. ಕೊಡ ಕಂಕುಳಲ್ಲಿ ಇಟ್ಟುಕೊಂಡೇ ನಾನು ನಡುವೆ ಬಂದೆ.

"ನಾ ಹೇಳಿದ್ದು ಹೇಳಿದಂಗ ಹೇಳು," ಎಂದಳು ಆಯಿ. "ಒಂದು ಮಾತು ಕಡಿಮಿ ಮಾಡಿದಿ ಅಂದ್ರ ನನಗ ಗೊತ್ತಾಕ್ಕೈತಿ. ಕೊಲ್ಲೂದು ಕಲಿಸಾಕ ನಿಮಗ ಇಷ್ಟು ದೊಡ್ಡ ಬಯಲು ಬೇಕಾತು. ಹಡಿಯಾಕ ನಮಗ ಒಂದು ಬಾವಿ ಸಾಕು. ಅದನ್ನ ಬಿಡ್ರಿ."

ನನ್ನ ಕೆಲಸವೇ ಮಾತನ್ನು ಮೆತ್ತಗೆ ಮಾಡುವುದು. ಊರಿನವರು ಸಿಟ್ಟಿನಲ್ಲಿ ಆಡಿದ್ದನ್ನು ಅರಿಕೆಯಾಗಿ, ಕಪ್ತಾನರು ಸಿಟ್ಟಿನಲ್ಲಿ ಆಡಿದ್ದನ್ನು ಸಲಹೆಯಾಗಿ ತಿರುಗಿಸಿ ಸಂಬಳ ತಿಂದವನು ನಾನು. ಅವತ್ತು ಹಾಗೆ ಮಾಡಲಿಲ್ಲ. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಉರ್ದುವಿನಲ್ಲಿ ಹೇಳಿದೆ. ಕಪ್ತಾನರು ನನ್ನನ್ನು, ಅವಳನ್ನು, ನನ್ನ ಹೆಂಡತಿಯ ತೋಳಿನಲ್ಲಿದ್ದ ಕೂಸನ್ನು ನೋಡಿದರು. ಬೆಳಗಿನಿಂದ ಬಿಸಿಲು ಏರುವ ತನಕ ಬಾವಿ ಊರಿನದು, ಆ ಹೊತ್ತಿನಲ್ಲಿ ನಿಶಾನಿ ಏರಿಸಬೇಡಿ ಎಂದು ಹವಾಲ್ದಾರನಿಗೆ ಹೇಳಿ ತಿರುಗಿ ನಡೆದರು. ನನ್ನ ಹೆಂಡತಿ ಐದು ಹರಳು ತೊಳೆದು ಪೂಜೆ ಮಾಡಿದಳು. ವಾರ ಕಳೆಯುವುದರೊಳಗೆ ನನಗೆ ಬೇರೆ ಕಡೆ ವರ್ಗವಾಯಿತು. ಹೊರಡುವ ದಿನ ಆಯಿ ಒಂದು ಕೆಂಪು ಕುಂಚಿಗೆ ತಂದುಕೊಟ್ಟಳು. ಒಳಮಗ್ಗುಲಲ್ಲಿ ಪಲ್ಟನ್ನಿನ ಮುದ್ರೆ ಹಾಗೇ ಇತ್ತು. ಹೊರಗ ಕಾಣದಂಗ ಹೊಲಿದೀನಿ, ಒಳಗ ಇದ್ರ ಇರಲಿ ಎಂದಳು.

ಯುದ್ಧ ಮುಗಿದು ಪಲ್ಟನ್ ಹೋಯಿತು. ಆಮೇಲೆ ಕೆಲವು ತಿಂಗಳು ಬಂದೂಕು ಹಿಡಿದ ಪುಂಡರು ಆ ಸಾಲುಗಳಲ್ಲಿ ಬೀಡುಬಿಟ್ಟರು. ಊರಿಗೆ ಊರೇ ಗುಳೆ ಎದ್ದು ಹೋದಾಗ ಆಯಿ ಮಾತ್ರ ಉಳಿದಳಂತೆ. ಇಬ್ಬರು ಬಸುರಿಯರು ನಡೆಯುವ ಸ್ಥಿತಿಯಲ್ಲಿ ಇರಲಿಲ್ಲ. ಆಮೇಲೆ ಸಂಸ್ಥಾನವೇ ಹೋಯಿತು, ನಮ್ಮದೇ ಸರ್ಕಾರ ಬಂತು. ಹೊಸ ಸರ್ಕಾರ ಆ ಠಾಣೆಯಲ್ಲಿ ಪೊಲೀಸರಿಗೆ ತರಬೇತಿ ಕೊಡತೊಡಗಿತು. ಹಳೆಯ ದಫ್ತರ ಬಲ್ಲವನು ಎಂದು ನನ್ನನ್ನೇ ಮತ್ತೆ ಅಲ್ಲಿಗೆ ಕರೆಸಿದರು. ಹೊಸ ಅಧಿಕಾರಿ ಖಾದಿಯ ಮನುಷ್ಯ, ಹೋರಾಟದಲ್ಲಿ ಜೈಲು ಕಂಡವರು, ಭಾಷಣ ಮಾಡಿದರೆ ಕಣ್ಣಲ್ಲಿ ನೀರು ಬರಬೇಕು. ಬಂದ ತಿಂಗಳಲ್ಲೇ ಬಾವಿಗೆ ಗೋಡೆ ಕಟ್ಟಿಸಿ, ಬಾಗಿಲು ಇಡಿಸಿ, ಬೀಗ ಹಾಕಿಸಿದರು. ಸರ್ಕಾರಿ ಬಾವಿ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಬೋರ್ಡು ಬರೆದವನು ನಾನು. ಕೀಲಿಕೈ ನನ್ನ ಮೇಜಿನ ಹಿಂದಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಆಯಿ ಬಂದಳು. ಕೋಲು ಹಿಡಿದಿದ್ದಳು, ಕಣ್ಣು ಮಂಜಾಗಿತ್ತು. ಅಂಗಳದಲ್ಲಿ ಆಡುತ್ತಿದ್ದ ನನ್ನ ಮಗಳನ್ನು ಹತ್ತಿರ ಕರೆದು ಮುಷ್ಟಿ ಮುಟ್ಟಿ ನೋಡಿದಳು. ಈಗ ನಮ್ಮದೇ ಸರ್ಕಾರ ಆಯಿ, ಒಂದು ಅರ್ಜಿ ಕೊಡೋಣ, ಸ್ವಲ್ಪ ತಾಳು ಎಂದೆ.

"ನಿಶಾನಿ ಬಣ್ಣ ಬದಲಾಗೇತಿ, ಕಾರಕೂನಪ್ಪ," ಎಂದಳು. "ಕೀಲಿ ಅದಾ ಐತಿ. ಆವತ್ತ ನಿನ್ನ ನಾಲಿಗಿ ಕೊಟ್ಟಿದ್ದಿ. ಇವತ್ತ ಏನ ಕೊಡ್ತಿ?"

ಮೊಳೆಯಿಂದ ಕೀಲಿಕೈ ತೆಗೆದುಕೊಂಡೆ. ಇಬ್ಬರೂ ಬಯಲು ದಾಟಿದೆವು, ಅವಳ ನಡಿಗೆಗೆ ತಕ್ಕಂತೆ ನಿಧಾನವಾಗಿ. ಕವಾಯತು ಮಾಡುತ್ತಿದ್ದವರು ದಾರಿ ಬಿಟ್ಟರು. ಅದು ಕೀಲಿಕೈ ಇಲ್ಲದೆ ಹಾಕಲು ಬಾರದ ಹಳೆಯ ಕಾಲದ ಬೀಗ. ತೆರೆದು ಬಾಗಿಲಿಗೆ ಹಾಗೇ ತೂಗುಹಾಕಿದೆ. ಕೀಲಿಕೈಯನ್ನು ಬಾವಿಗೆ ಹಾಕಿದೆ. ಸದ್ದು ಬರಲು ತುಸು ಹೊತ್ತು ಹಿಡಿಯಿತು. ಆಯಿ ತಲೆ ವಾರೆ ಮಾಡಿ ಕೇಳಿಸಿಕೊಂಡು, ನೀರು ಛಲೋ ಐತಿ ಎಂದಳು. ಆ ನೌಕರಿ ನನಗೆ ಮತ್ತೆ ಹೆಚ್ಚು ದಿನ ಇರಲಿಲ್ಲ. ಹೋದದ್ದಕ್ಕೆ ಅವತ್ತೂ ಬೇಸರವಿರಲಿಲ್ಲ, ಇವತ್ತೂ ಇಲ್ಲ.

ಕುಂಚಿಗೆ ನಮ್ಮ ಮನೆಯಲ್ಲಿದೆ. ಮಗಳು ಹಾಕಿಕೊಂಡಳು, ಮಗಳ ಮಕ್ಕಳೂ ಹಾಕಿಕೊಂಡರು. ಮುದ್ರೆ ಇನ್ನೂ ಪೂರ್ತಿ ಮಾಸಿಲ್ಲ. ಹುಡುಗನ ಕಾಗದದಲ್ಲಿ ಇನ್ನೊಂದು ಮಾತಿದೆ. ಆಯಿಗೆ ಕೊನೆಯ ಸ್ನಾನ ಮಾಡಿಸಿದ್ದು ಆ ಬಾವಿಯ ನೀರಿನಿಂದಂತೆ, ಊರಿನ ಹೆಂಗಸರೆಲ್ಲ ಒಂದೊಂದು ಕೊಡ ತಂದರಂತೆ. ಬಾವಿಗೆ ಈಗ ಬಾಗಿಲೇ ಇಲ್ಲವಂತೆ. ಬರುವ ಬೇಸಿಗೆಯಲ್ಲಿ ಹೂಳೆತ್ತುತ್ತಾರೆ, ತಳದಲ್ಲಿ ಒಂದು ಕೀಲಿಕೈ ಇದೆ ಎಂದು ಹಿರಿಯರು ಹೇಳುತ್ತಾರೆ, ನಿಜವೇ ಎಂದು ಕೇಳಿದ್ದಾನೆ.

ನಿಜ ಎಂದು ಇವತ್ತೇ ಉತ್ತರ ಬರೆದೆ. ಹೂಳು ಎಷ್ಟಾದರೂ ಎತ್ತಿ, ಅದನ್ನು ಮಾತ್ರ ಅಲ್ಲೇ ಬಿಡಿ ಎಂದೂ ಬರೆದೆ.